ಜೇಡಿಮಣ್ಣಿಗೆ ಪೈಲ್ ಬಡಿದಾಗ ಬಲ ಎಷ್ಟು ಹೋಗುತ್ತದೆ, ಯಾವಾಗ ಮರಳುತ್ತದೆ

ನೀರು ತುಂಬಿದ ಮೆತ್ತನೆಯ ಜೇಡಿಮಣ್ಣಿನಲ್ಲಿ ಪೈಲ್ (ಕಟ್ಟಡದ ಭಾರ ಹೊರಲು ನೆಲದೊಳಗೆ ಇಳಿಸುವ ಉದ್ದನೆಯ ಕಂಬ) ಇಳಿಸಿದ ದಿನ, ಅದನ್ನು ಬಡಿಯುವ ಹ್ಯಾಮರ್‌ಗೆ ಸಿಗುವ ಪ್ರತಿರೋಧವು ಸಾಮಾನ್ಯವಾಗಿ ಆ ಪೈಲ್‌ಗೆ ಎಂದೆಂದೂ ಸಿಗುವ ಪ್ರತಿರೋಧದಲ್ಲೇ ಅತಿ ಕಡಿಮೆ. ಇದನ್ನು ಮರೆತ ಸೈಟುಗಳಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ಪೈಲ್ ಸಲೀಸಾಗಿ ಇಳಿಯುತ್ತಿದೆ, ನೆಲಕ್ಕೆ ಬಲವೇ ಇಲ್ಲ ಎಂದುಕೊಂಡು ತುಂಡಿನ ಮೇಲೆ ತುಂಡು ಸೇರಿಸಿ ಬಡಿಯುತ್ತಾ ಹೋಗುವುದು ಒಂದು. ಬಲ ಹೇಗೂ ತಾನಾಗಿ ಮರಳುತ್ತದೆ ಎಂದು ಅಳೆಯದೆ ಮೇಲಿನ ಕೆಲಸ ಶುರು ಮಾಡುವುದು ಇನ್ನೊಂದು. ಮೊದಲನೆಯದರಲ್ಲಿ ಹಣ ಹೋಗುತ್ತದೆ, ಎರಡನೆಯದರಲ್ಲಿ ಪೈಲ್‌ಗಳೇ ಹೋಗಬಹುದು.

ಇಲ್ಲಿ ಹೇಳುವುದು ಬಡಿದು ಇಳಿಸುವ ಪ್ರೀಕಾಸ್ಟ್ (ಮೊದಲೇ ಎರಕ ಹೊಯ್ದ) ಕಾಂಕ್ರೀಟ್ ಮತ್ತು ಸ್ಟೀಲ್ ಪೈಲ್‌ಗಳ ಬಗ್ಗೆ. ಕೊರೆದು ಕಾಂಕ್ರೀಟ್ ತುಂಬುವ ಪೈಲ್‌ಗಳಲ್ಲಿ ಮಣ್ಣು ಬದಿಗೆ ಸರಿಯುವುದಿಲ್ಲ, ಹೊರಗೆ ಬರುತ್ತದೆ. ಹಾಗಾಗಿ ಅವುಗಳ ಲೆಕ್ಕ ಬೇರೆ.

ನೆಲದೊಳಗೆ ಆಗುವುದೇನು

ಜೇಡಿಯೊಳಗಿನ ನೀರು ಬೇಗ ಹೊರಹೋಗಲಾರದು. ಪೈಲ್ ಇಳಿಯುವ ಕೆಲವು ನಿಮಿಷಗಳಲ್ಲಂತೂ ಒಂದಿಷ್ಟೂ ಹೋಗುವುದಿಲ್ಲ ಎಂದೇ ತಿಳಿಯಬೇಕು. ಆದ್ದರಿಂದ ಮಣ್ಣಿನ ಗಾತ್ರ ಕುಗ್ಗುವುದಿಲ್ಲ. ಪೈಲ್ ಎಷ್ಟು ಜಾಗ ಕೇಳುತ್ತದೋ ಅಷ್ಟು ಮಣ್ಣು ಬದಿಗೆ ಮತ್ತು ಮೇಲಕ್ಕೆ ಸರಿಯಲೇಬೇಕು. ಇದರಿಂದ ಒಂದೇ ಹೊತ್ತಿಗೆ ಎರಡು ಕೆಲಸ ನಡೆಯುತ್ತವೆ.

ಮೊದಲನೆಯದು, ಮಣ್ಣಿನ ರಚನೆ ಒಡೆಯುವುದು. ಪೈಲ್‌ನ ಮೈಗೆ ತಾಗಿದ ಜೇಡಿ ಪೂರ್ತಿ ಕಲಸಿಹೋಗುತ್ತದೆ. ದೂರ ಹೋದಂತೆ ಈ ಹಾನಿ ಕಡಿಮೆಯಾಗಿ, ಪೈಲ್‌ನ ಮೈಯಿಂದ ವ್ಯಾಸದ ಒಂದೂವರೆ ಎರಡು ಪಟ್ಟು ಆಚೆಗೆ ಬಹುತೇಕ ಇಲ್ಲವಾಗುತ್ತದೆ. ಕಲಸಿದ ಮಣ್ಣಿನಿಂದ ಪೈಲ್ ಅಡಿಪಾಯಕ್ಕೆ ಲಾಭಕ್ಕಿಂತ ನಷ್ಟವೇ ಹೆಚ್ಚಾಗಬಹುದೇ ಎಂಬ ಪ್ರಶ್ನೆ ಹೊಸದಲ್ಲ. ಮಣ್ಣಿನ ಎಂಜಿನಿಯರಿಂಗ್ ತಜ್ಞ ಆರ್ಥರ್ ಕಾಸಾಗ್ರಾಂಡೆ 1932ರಲ್ಲೇ ಜೇಡಿಯ ರಚನೆ ಮತ್ತು ಪೈಲ್‌ನ ಸಂಬಂಧವನ್ನು ಎತ್ತಿ ಹೇಳಿದ್ದರು.

ಎರಡನೆಯದು, ರಂಧ್ರನೀರಿನ, ಅಂದರೆ ಮಣ್ಣಿನ ಕಣಗಳ ನಡುವಿನ ನೀರಿನ, ಒತ್ತಡ ಏರುವುದು. ಸೈಟಿನಲ್ಲಿ ಎಲ್ಲರೂ ಪೋರ್ ಪ್ರೆಷರ್ ಎನ್ನುವುದು ಇದನ್ನೇ. ನೆಲದೊಳಗೆ ಒಂದು ಕೊಳವೆಯಾಕಾರದ ಪೊಳ್ಳು ಹಿಗ್ಗುತ್ತಿದೆ ಎಂದು ಭಾವಿಸಿ ಮಾಡುವ ಲೆಕ್ಕದ ಪ್ರಕಾರ, ಪೈಲ್ ಮೈಯಲ್ಲಿ ಏರುವ ಹೆಚ್ಚುವರಿ ಒತ್ತಡವು ಜೇಡಿಯ ಷಿಯರ್ ಬಲವನ್ನು (ಮಣ್ಣು ಜಾರದಂತೆ ತಡೆಯುವ ಶಕ್ತಿ) ಬಿಗಿತ ಅನುಪಾತದ ನೈಸರ್ಗಿಕ ಲಾಗರಿದಮ್‌ನಿಂದ ಗುಣಿಸಿದಷ್ಟು. ಬಿಗಿತ ಅನುಪಾತವೆಂದರೆ ಷಿಯರ್ ಮಾಡ್ಯುಲಸ್ (ಅಂಥ ಜಾರಿಕೆಗೆ ಮಣ್ಣು ತೋರುವ ಬಿಗಿತ) ಭಾಗಿಸು ಷಿಯರ್ ಬಲ. ಅದು 100 ಇದ್ದರೆ ಒತ್ತಡ ಷಿಯರ್ ಬಲದ 4.6 ಪಟ್ಟು. ಅದೇ ಲೆಕ್ಕದಲ್ಲಿ ಒತ್ತಡ ಹರಡುವ ತ್ರಿಜ್ಯ ಪೈಲ್ ತ್ರಿಜ್ಯದ 10 ಪಟ್ಟು. ಮಣ್ಣು ಕಲಸಿಹೋದ ವಲಯಕ್ಕಿಂತ ನೀರಿನ ಒತ್ತಡ ಏರಿದ ವಲಯ ತುಂಬಾ ದೊಡ್ಡದು ಎಂಬುದನ್ನು ಇಲ್ಲೇ ಗಮನಿಸಿ. ಮುಂದಿನ ಬಹುತೇಕ ತೊಂದರೆಗಳು ಈ ದೊಡ್ಡ ವಲಯದಿಂದಲೇ ಬರುತ್ತವೆ.

ಆಮೇಲೆ ನೀರು ಪೈಲ್‌ನಿಂದ ಹೊರಮುಖವಾಗಿ ನಿಧಾನ ಸರಿಯುತ್ತದೆ. ಪೈಲ್ ಪಕ್ಕದ ಮಣ್ಣಿನ ತೇವಾಂಶ ಇಳಿದು, ಕಣಗಳು ಒತ್ತೊತ್ತಾಗಿ, ಬಲ ಮರಳುತ್ತದೆ. ಮೆತ್ತನೆಯ ಜೇಡಿಯಲ್ಲಿ ಇದು ಮೊದಲಿದ್ದ ಬಲವನ್ನೂ ಮೀರಬಹುದು. ಹಳೆಯ ಪೈಲ್ ಕಿತ್ತಾಗ ಅದರ ಮೈಗೆ ಗಟ್ಟಿ ಜೇಡಿಯ ಪದರ ಅಂಟಿಕೊಂಡೇ ಬರುವುದು ಇದಕ್ಕೇ. ಜಾರಿಕೆ ಪೈಲ್ ಮೈಯಲ್ಲಿ ಆಗದೆ ಆ ಪದರದ ಹೊರಗೆ ಆಗಿರುತ್ತದೆ. ಇದರ ಜೊತೆಗೆ, ನೀರು ಹೊರಹೋಗದೆಯೂ, ಸುಮ್ಮನೆ ಬಿಟ್ಟರೆ ಕಲಸಿದ ಜೇಡಿ ತುಸು ಗಟ್ಟಿಯಾಗುತ್ತದೆ. ಥಿಕ್ಸೋಟ್ರೊಪಿ ಎನ್ನುವ ಈ ಗುಣದ ಪಾಲು ಚಿಕ್ಕದು, ಅದನ್ನೇ ನಂಬಿ ವಿನ್ಯಾಸ ಮಾಡುವಂತಿಲ್ಲ.

ಮೊದಲ ಹಂತ: ಬಡಿಯುವ ಮುನ್ನ ಅಳೆಯಿರಿ

ಬೇಕಾದ್ದು ಮುಖ್ಯವಾಗಿ ಮೂರು ಸಂಖ್ಯೆ: ಕದಡದ ಮಣ್ಣಿನ ಷಿಯರ್ ಬಲ, ಕಲಸಿದ ಮಣ್ಣಿನ ಷಿಯರ್ ಬಲ, ನೀರು ಅಡ್ಡಲಾಗಿ ಹರಿದು ಮಣ್ಣು ಒತ್ತೊತ್ತಾಗುವ ವೇಗ. ಮೊದಲೆರಡಕ್ಕೆ ಸೈಟಿನಲ್ಲೇ ವೇನ್ ಟೆಸ್ಟ್ (ನಾಲ್ಕು ರೆಕ್ಕೆಯ ಅಲಗನ್ನು ಮಣ್ಣೊಳಗೆ ಒತ್ತಿ ತಿರುಗಿಸಿ ನೋಡುವ ಪರೀಕ್ಷೆ) ಮಾಡುವುದು ಒಳ್ಳೆಯದು. ಮೆತ್ತನೆಯ ಜೇಡಿಯ ಸ್ಯಾಂಪಲ್ ಲ್ಯಾಬ್ ತಲುಪುವ ಹೊತ್ತಿಗೆ ಅರ್ಧ ಕೆಟ್ಟಿರುತ್ತದೆ.

65 ಮಿ.ಮೀ. ವ್ಯಾಸ, 130 ಮಿ.ಮೀ. ಎತ್ತರದ ವೇನ್ ಬಳಸಿದರೆ ಒಂದು ಅನುಕೂಲವಿದೆ. ನ್ಯೂಟನ್-ಮೀಟರ್‌ನಲ್ಲಿ ಓದಿದ ಗರಿಷ್ಠ ತಿರುಚು ಬಲವೇ ಹೆಚ್ಚುಕಡಿಮೆ ಕಿಲೋಪ್ಯಾಸ್ಕಲ್‌ನಲ್ಲಿ ಷಿಯರ್ ಬಲ, ವ್ಯತ್ಯಾಸ ಶೇ. 1ರ ಒಳಗೆ. ಮೀಟರ್ 20 ತೋರಿಸಿದರೆ ಬಲ 20 ಕಿಲೋಪ್ಯಾಸ್ಕಲ್. ರಾಡ್‌ಗಳ ಘರ್ಷಣೆಯನ್ನು ಕಳೆಯಲು ಮರೆಯಬಾರದು. ವೇನ್ ಅನ್ನು ನಿಮಿಷಕ್ಕೆ 6 ಡಿಗ್ರಿ ವೇಗದಲ್ಲಿ ತಿರುಗಿಸಿ. ಬೇಗ ತಿರುಗಿಸಿದರೆ ಬಲ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ಗರಿಷ್ಠ ಓದು ಬಂದ ಮೇಲೆ ಅದೇ ಆಳದಲ್ಲಿ ಕನಿಷ್ಠ 10 ಸುತ್ತು ಬೇಗ ಬೇಗ ತಿರುಗಿಸಿ, ತಡಮಾಡದೆ ಮತ್ತೆ ನಿಧಾನವಾಗಿ ಅಳೆಯಿರಿ. ಈಗ ಸಿಗುವುದು ಕಲಸಿದ ಮಣ್ಣಿನ ಬಲ. ಪ್ಲಾಸ್ಟಿಸಿಟಿ ಸೂಚ್ಯಂಕ (ಎಷ್ಟು ತೇವಾಂಶದ ವ್ಯಾಪ್ತಿಯಲ್ಲಿ ಜೇಡಿ ಮಿದ್ದಲು ಬರುತ್ತದೆ ಎಂಬ ಅಳತೆ) ಹೆಚ್ಚಿರುವ ಜೇಡಿಯಲ್ಲಿ ವೇನ್ ಬಲಕ್ಕೆ ತಿದ್ದುಪಡಿ ಬೇಕು. ಸೂಚ್ಯಂಕ 20ರ ಆಸುಪಾಸಿನಲ್ಲಿ ತಿದ್ದುಪಡಿ ಇಲ್ಲ, 60ರ ಹತ್ತಿರ ಓದಿದ ಬಲದ ಸುಮಾರು ಮುಕ್ಕಾಲು ಪಾಲನ್ನಷ್ಟೇ ನಂಬಬೇಕು.

ಮೊದಲ ಬಲವನ್ನು ಎರಡನೆಯದರಿಂದ ಭಾಗಿಸಿದರೆ ಸೆನ್ಸಿಟಿವಿಟಿ. 4ರವರೆಗೆ ಸಾಮಾನ್ಯ ಜೇಡಿ, 4ರಿಂದ 8 ಸೆನ್ಸಿಟಿವ್, ಅದಕ್ಕೂ ಮೇಲೆ ತುಂಬಾ ಎಚ್ಚರ ಬೇಕಾದ ನೆಲ. 16 ದಾಟಿದರೆ ಕಲಸಿದ ಮಣ್ಣು ದ್ರವದಂತೆ ಹರಿಯಬಲ್ಲದು. ಹತ್ತಿರದಲ್ಲಿ ಇಳಿಜಾರು ಇದ್ದರೆ ಅಂಥ ಕಡೆ ಬಡಿಯುವ ಪೈಲ್‌ನ ಯೋಚನೆಯನ್ನೇ ಬಿಡುವುದು ಲೇಸು.

ಮೂರನೆಯ ಸಂಖ್ಯೆಗೆ ಪೀಜೋಕೋನ್ (ನೆಲಕ್ಕೆ ಒತ್ತಿ ನೀರಿನ ಒತ್ತಡವನ್ನೂ ಅಳೆಯುವ ಶಂಕು ತುದಿಯ ಸರಳು) ಬಳಸಿ. ಸೆಕೆಂಡಿಗೆ 20 ಮಿ.ಮೀ. ವೇಗದಲ್ಲಿ ಒತ್ತುತ್ತಾ ಹೋಗಿ, ಬೇಕಾದ ಆಳದಲ್ಲಿ ನಿಲ್ಲಿಸಿ, ನೀರಿನ ಒತ್ತಡ ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತು ಎಂದು ನೋಡಿ. ಆ ಕೋನ್ ಸ್ವತಃ ಒಂದು ಪುಟ್ಟ ಪೈಲ್. ಅದರ ಸುತ್ತ ಒತ್ತಡ ಕರಗುವ ರೀತಿಯಲ್ಲೇ ಪೈಲ್ ಸುತ್ತಲೂ ಕರಗುತ್ತದೆ, ಆದರೆ ಸಮಯ ವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವ್ಯಾಸ ಎರಡರಷ್ಟಾದರೆ ಸಮಯ ನಾಲ್ಕರಷ್ಟು. ಕೋನ್‌ನ ವ್ಯಾಸ 36 ಮಿ.ಮೀ., ಪೈಲ್‌ನದು 360 ಮಿ.ಮೀ. ಆಗಿದ್ದರೆ ಸುಮಾರು 100 ಪಟ್ಟು. ಕೋನ್‌ನಲ್ಲಿ ಒಂದು ಗಂಟೆ ಹಿಡಿದದ್ದು ಒಂಟಿ ಪೈಲ್‌ನಲ್ಲಿ ನಾಲ್ಕು ದಿನ ಹಿಡಿಯುತ್ತದೆ. ಇದು ಅಂದಾಜು ಮಾತ್ರ, ಆದರೂ ಕೆಲಸದ ವೇಳಾಪಟ್ಟಿ ಹಾಕಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಎರಡನೆಯ ಹಂತ: ಒಂದು ಪೈಲ್‌ನ ಲೆಕ್ಕ ಹಾಕಿ ನೋಡಿ

300 ಮಿ.ಮೀ. ಚೌಕದ ಕಾಂಕ್ರೀಟ್ ಪೈಲ್, 15 ಮೀಟರ್ ಮೆತ್ತನೆಯ ಜೇಡಿ, ಷಿಯರ್ ಬಲ 20 ಕಿಲೋಪ್ಯಾಸ್ಕಲ್, ಸೆನ್ಸಿಟಿವಿಟಿ 5 ಎಂದಿಟ್ಟುಕೊಳ್ಳಿ.

ಪೈಲ್‌ನ ಸುತ್ತಳತೆ 1.2 ಮೀ., ಮೈಯ ವಿಸ್ತೀರ್ಣ 18 ಚದರ ಮೀಟರ್. ಬಡಿಯುವಾಗ ಮೈಗೆ ತಾಗಿದ ಮಣ್ಣಿನ ಬಲ 20 ÷ 5 = 4 ಕಿಲೋಪ್ಯಾಸ್ಕಲ್. ಹಾಗಾಗಿ ಮೈ ಘರ್ಷಣೆ 72 ಕಿಲೋನ್ಯೂಟನ್. ತುದಿಯ ಬಲ 9 × 20 × 0.09 = 16 ಕಿಲೋನ್ಯೂಟನ್ (9 ಎಂಬುದು ಜೇಡಿಯಲ್ಲಿ ತುದಿಗೆ ರೂಢಿಯ ಗುಣಾಂಕ, 0.09 ತುದಿಯ ವಿಸ್ತೀರ್ಣ). ಒಟ್ಟು 88. ಪೈಲ್‌ನ ಸ್ವಂತ ತೂಕವೇ ಸುಮಾರು 32 ಕಿಲೋನ್ಯೂಟನ್. ಅದರ ಮೇಲೆ ಭಾರಿ ಹ್ಯಾಮರ್ ಕೂತರೆ ಕೆಲವೊಮ್ಮೆ ಏಟೇ ಬೇಡ, ಪೈಲ್ ತಾನಾಗಿ ಇಳಿದುಬಿಡುತ್ತದೆ.

ನೀರಿನ ಒತ್ತಡ ಕರಗಿದ ಮೇಲೆ? ಇಷ್ಟು ಮೆತ್ತನೆಯ ಜೇಡಿಯಲ್ಲಿ ಆಲ್ಫಾ, ಅಂದರೆ ಷಿಯರ್ ಬಲದಲ್ಲಿ ಎಷ್ಟು ಪಾಲು ಪೈಲ್ ಮೈಗೆ ಅಂಟುತ್ತದೆ ಎಂಬುದು, 1 ಎಂದು ಹಿಡಿಯಬಹುದು. ಮೈ ಘರ್ಷಣೆ 18 × 20 = 360, ತುದಿ ಸೇರಿ 376 ಕಿಲೋನ್ಯೂಟನ್. ಬಡಿದ ದಿನದ ನಾಲ್ಕು ಪಟ್ಟಿಗಿಂತ ಹೆಚ್ಚು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಜೇಡಿಯಲ್ಲಿ ಸೀಡ್ ಮತ್ತು ರೀಸ್ ನಡೆಸಿ 1957ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಪೈಲ್‌ನ ಬಲ ವಾರಗಳಲ್ಲಿ ಹಲವು ಪಟ್ಟು ಏರಿತ್ತು.

ಇನ್ನೊಂದು ದಾರಿಯಿಂದ ತಾಳೆ ನೋಡುವುದು ಒಳ್ಳೆಯದು. ಮಣ್ಣಿನ ಪರಿಣಾಮಕಾರಿ ಒತ್ತಡವನ್ನು (ನೀರಿನ ಒತ್ತಡ ಕಳೆದು ಕಣಗಳ ಮೇಲೆ ಬೀಳುವ ಪಾಲು) ಬೀಟಾ ಎಂಬ ಗುಣಾಂಕದಿಂದ ಗುಣಿಸಿದರೆ ಮೈ ಘರ್ಷಣೆ. ಸಾಮಾನ್ಯ ಒತ್ತೊತ್ತಿನ, ಅಂದರೆ ಈಗಿನದಕ್ಕಿಂತ ಹೆಚ್ಚು ಭಾರವನ್ನು ಹಿಂದೆಂದೂ ಹೊರದ, ಮೆತ್ತನೆಯ ಜೇಡಿಯಲ್ಲಿ ಬೀಟಾ 0.24ರಿಂದ 0.29ರ ನಡುವೆ ಬರುತ್ತದೆ. ಮೇಲಿನ ನೆಲದ ತೂಕ ಘನ ಮೀಟರಿಗೆ 16 ಕಿಲೋನ್ಯೂಟನ್, ನೀರು ನೆಲಮಟ್ಟದಲ್ಲಿ ಎಂದಾದರೆ, ಪೈಲ್‌ನ ನಡುಮಟ್ಟದಲ್ಲಿ ಪರಿಣಾಮಕಾರಿ ಒತ್ತಡ 45 ಕಿಲೋಪ್ಯಾಸ್ಕಲ್. ಬೀಟಾ 0.27 ಹಿಡಿದರೆ ಮೈ ಘರ್ಷಣೆ 12.15 ಕಿಲೋಪ್ಯಾಸ್ಕಲ್, ಇಡೀ ಮೈಗೆ 219 ಕಿಲೋನ್ಯೂಟನ್. ಎರಡು ದಾರಿಗಳ ನಡುವೆ ಇಷ್ಟು ಅಂತರ ಬಂದಾಗ ದೊಡ್ಡ ಸಂಖ್ಯೆಯನ್ನು ಆರಿಸುವುದು ಧೈರ್ಯವಲ್ಲ, ಅಜಾಗರೂಕತೆ. ಲೋಡ್ ಟೆಸ್ಟ್ (ಪೈಲ್ ಮೇಲೆ ಭಾರ ಹೇರಿ ನೋಡುವ ಪರೀಕ್ಷೆ) ಆಗುವವರೆಗೆ ಚಿಕ್ಕದನ್ನೇ ಹಿಡಿಯಿರಿ.

ನೀರಿನ ಒತ್ತಡದ ಕಡೆಗೂ ಒಮ್ಮೆ ನೋಡಿ. 20 × 4.6 = 92 ಕಿಲೋಪ್ಯಾಸ್ಕಲ್. ನಡುಮಟ್ಟದ ಪರಿಣಾಮಕಾರಿ ಒತ್ತಡದ ಎರಡು ಪಟ್ಟು. ಈ ಚೌಕದ ಸಮಾನ ತ್ರಿಜ್ಯ 0.17 ಮೀ., ಆದ್ದರಿಂದ ಒತ್ತಡ 1.7 ಮೀಟರ್‌ವರೆಗೆ ಹರಡುತ್ತದೆ. ಪೈಲ್‌ಗಳ ಅಂತರ 1.2 ಮೀಟರ್ ಇಟ್ಟಿದ್ದರೆ, ಪ್ರತಿ ಹೊಸ ಪೈಲ್ ಆಗಲೇ ಒತ್ತಡ ತುಂಬಿದ ನೆಲಕ್ಕೇ ಇಳಿಯುತ್ತದೆ. ಗುಂಪಿನ ಒಳಗಿನ ನೀರು ಹೊರಗೆ ಹೋಗಲು ಇಡೀ ಗುಂಪಿನ ಅಗಲ ದಾಟಬೇಕು. ಒಂಟಿ ಟೆಸ್ಟ್ ಪೈಲ್ ಎರಡು ವಾರದಲ್ಲಿ ಬಲ ಪಡೆಯಿತೆಂದು ಗುಂಪಿನ ನಡುವಿನ ಪೈಲ್‌ಗೂ ಅದೇ ಲೆಕ್ಕ ಹಿಡಿಯುವುದು ತಪ್ಪಾಗುವುದು ಇದಕ್ಕೇ.

ಮೂರನೆಯ ಹಂತ: ಪೈಲ್ ಬಗೆ ಮತ್ತು ಬಡಿಯುವ ಕ್ರಮ

ಮಣ್ಣು ಕಡಿಮೆ ಸರಿಸುವ ಪೈಲ್ ಆದರೆ ತೊಂದರೆಯೂ ಕಡಿಮೆ. ಎಚ್ ಆಕಾರದ ಸ್ಟೀಲ್ ಪೈಲ್ ಅಥವಾ ತುದಿ ತೆರೆದ ಪೈಪ್ ಒಳ್ಳೆಯ ಆಯ್ಕೆ. ಪೈಪ್‌ನೊಳಗೆ ಮಣ್ಣು ಬಿರಡೆಯಂತೆ ಕಟ್ಟಿಕೊಂಡರೆ ಅದೂ ಮುಚ್ಚಿದ ಪೈಲ್‌ನಂತೆಯೇ ವರ್ತಿಸುತ್ತದೆ. ಆದ್ದರಿಂದ ಬಡಿಯುವಾಗ ಒಳಗಿನ ಮಣ್ಣಿನ ಮಟ್ಟವನ್ನು ಆಗಾಗ ಅಳೆಯಿರಿ.

ಕಾಂಕ್ರೀಟ್ ಪೈಲ್ ಅನಿವಾರ್ಯವಾದರೆ ಮೇಲಿನ ಕೆಲವು ಮೀಟರ್ ಪ್ರೀಬೋರಿಂಗ್ ಮಾಡಿ, ಅಂದರೆ ಬಡಿಯುವ ಮೊದಲೇ ರಂಧ್ರ ಕೊರೆಯಿರಿ. ಕೊರೆಯುವ ರಂಧ್ರ ಪೈಲ್‌ಗಿಂತ ಚಿಕ್ಕದಿರಲಿ, ಪೈಲ್ ತುದಿ ತಲುಪುವ ಆಳಕ್ಕಿಂತ ಸಾಕಷ್ಟು ಮೇಲೆಯೇ ನಿಲ್ಲಲಿ. ರಂಧ್ರ ದೊಡ್ಡದಾದರೆ ಆ ಉದ್ದದ ಘರ್ಷಣೆಯನ್ನು ಬಿಟ್ಟುಕೊಟ್ಟಂತೆ.

ಘರ್ಷಣೆ ಪೈಲ್‌ಗಳ (ಭಾರವನ್ನು ಹೆಚ್ಚಾಗಿ ಮೈ ಘರ್ಷಣೆಯಿಂದಲೇ ಹೊರುವವು) ಅಂತರ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆ ಬೇಡ. ಮೆತ್ತನೆಯ ಜೇಡಿಯ ದೊಡ್ಡ ಗುಂಪಿನಲ್ಲಿ ನಾಲ್ಕು ಪಟ್ಟು ಕೊಟ್ಟರೆ ಮುಂದೆ ಹಲವು ತಲೆನೋವು ತಪ್ಪುತ್ತದೆ.

ಕ್ರಮದ ನಿಯಮ ಸರಳ: ಗುಂಪಿನ ನಡುವಿನಿಂದ ಹೊರಗೆ ಬಡಿಯುತ್ತಾ ಹೋಗಿ. ಪಕ್ಕದಲ್ಲಿ ಕಟ್ಟಡ, ತಡೆಗೋಡೆ ಅಥವಾ ನೆಲದಡಿಯ ಪೈಪ್ ಇದ್ದರೆ ಅದರ ಬದಿಯಿಂದ ಶುರುಮಾಡಿ ದೂರ ಸಾಗಿ. ಮಣ್ಣು ಆಗಲೇ ಬಡಿದ ಪೈಲ್‌ಗಳ ಕಡೆಗಿಂತ ತೆರೆದ ಕಡೆಗೆ ಹೆಚ್ಚು ಸರಿಯುತ್ತದೆ. ಹೊರಗಿನ ಸಾಲುಗಳನ್ನು ಮೊದಲು ಬಡಿದು ಒಳಗೆ ಬಂದರೆ ನಡುವಿನ ಮಣ್ಣಿಗೆ ಮೇಲಕ್ಕೇಳುವುದೊಂದೇ ದಾರಿ.

ನಾಲ್ಕನೆಯ ಹಂತ: ಉಪಕರಣ ಕೂರಿಸಿ

ವೈಬ್ರೇಟಿಂಗ್ ವೈರ್ ಪೀಜೋಮೀಟರ್‌ಗಳನ್ನು (ನೆಲದೊಳಗಿನ ನೀರಿನ ಒತ್ತಡ ಅಳೆಯುವ ಉಪಕರಣ) ಬಡಿಯುವ ಕೆಲಸಕ್ಕೆ ಒಂದೆರಡು ವಾರ ಮುಂಚೆಯೇ ಹಾಕಿ. ಕೂರಿಸುವಾಗ ಏರಿದ ಒತ್ತಡ ಇಳಿದು ನಿಜವಾದ ಆರಂಭಿಕ ಓದು ಸಿಗಲು ಅಷ್ಟು ದಿನ ಬೇಕು. ಸಾದಾ ಕೊಳವೆ ಪೀಜೋಮೀಟರ್ ಜೇಡಿಯಲ್ಲಿ ತುಂಬಾ ನಿಧಾನ, ಒತ್ತಡ ಏರಿ ಇಳಿದ ಮೇಲೆ ಅದು ಏರತೊಡಗುತ್ತದೆ. ಗುಂಪಿನೊಳಗೆ ಪೈಲ್‌ಗಳ ನಡುವೆ ಒಂದು ಸ್ಥಳದಲ್ಲಿ, ಗುಂಪಿನ ಅಂಚಿನಿಂದ ವ್ಯಾಸದ 5 ಪಟ್ಟು ಮತ್ತು 10 ಪಟ್ಟು ದೂರದಲ್ಲಿ, ಪ್ರತಿ ಸ್ಥಳದಲ್ಲೂ ಎರಡು ಮೂರು ಆಳದಲ್ಲಿ ಇದ್ದರೆ ಸಾಕಷ್ಟು ತಿಳಿಯುತ್ತದೆ. ಇವುಗಳ ಜೊತೆಗೆ ನೆಲದ ಲೆವೆಲ್ ಗುರುತುಗಳು, ಪಕ್ಕದ ಕಟ್ಟಡದ ಮೇಲೆ ಗುರುತುಗಳು, ಇಳಿಜಾರಿದ್ದರೆ ನೆಲ ಬದಿಗೆ ಸರಿಯುವುದನ್ನು ಅಳೆಯುವ ಇನ್‌ಕ್ಲೈನೋಮೀಟರ್ ಬೇಕು.

ಐದನೆಯ ಹಂತ: ಬಡಿಯುವ ದಿನ

ಮೆತ್ತನೆಯ ನೆಲದಲ್ಲಿ ಪೂರ್ತಿ ಎತ್ತರದಿಂದ ಹ್ಯಾಮರ್ ಬಿಡಬೇಡಿ. ತುದಿಗೆ ಪ್ರತಿರೋಧವಿಲ್ಲದಾಗ ಏಟಿನ ಅಲೆ ಎಳೆತದ ಅಲೆಯಾಗಿ ಮರಳಿ ಬಂದು ಕಾಂಕ್ರೀಟ್ ಪೈಲ್‌ನಲ್ಲಿ ಅಡ್ಡ ಬಿರುಕು ಮೂಡಿಸುತ್ತದೆ. ಇಳಿಯುವುದು ಸುಲಭವಾಗಿದ್ದಷ್ಟು ಹೊತ್ತೂ ಎತ್ತರ ಕಡಿಮೆ ಇರಲಿ, ತಲೆಯ ಮೆತ್ತೆ ದಪ್ಪವಾಗಿರಲಿ.

ಜಾಯಿಂಟ್ ಎಲ್ಲಿ ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಿ. ವೆಲ್ಡಿಂಗ್‌ಗೆ ನಿಂತ ಹೊತ್ತಿನಲ್ಲೇ ಜೇಡಿ ಪೈಲ್ ಅನ್ನು ಹಿಡಿಯಲು ಶುರುಮಾಡುತ್ತದೆ. ತುದಿ ಗಟ್ಟಿ ಪದರದೊಳಗಿರುವಾಗ ನಿಲ್ಲಿಸಿ, ರಾತ್ರಿ ಕಳೆದು ಬಂದರೆ ಮತ್ತೆ ಕದಲದೇ ಇರಬಹುದು. ಒಮ್ಮೆ ಶುರುಮಾಡಿದ ಪೈಲ್ ಅನ್ನು ಅದೇ ದಿನ ಮುಗಿಸಿ.

ಪ್ರತಿ ಮೀಟರಿಗೆ ಎಷ್ಟು ಏಟು ಎಂದು ಬರೆದಿಡಿ. ಆದರೆ ಏಟಿಗೆ ಎಷ್ಟು ಇಳಿಯಿತು ಎಂಬುದರಿಂದ ಹೈಲಿ ಬಗೆಯ ಸೂತ್ರದಲ್ಲಿ ಪೈಲ್‌ನ ಬಲ ತೆಗೆಯಬೇಡಿ. ಸೂತ್ರ ಹೇಳುವುದು ಆ ಕ್ಷಣದ ಪ್ರತಿರೋಧವನ್ನು, ನಮಗೆ ಬೇಕಾದದ್ದು ತಿಂಗಳ ನಂತರದ್ದು. ಜೇಡಿಯಲ್ಲಿ ಘರ್ಷಣೆ ಪೈಲ್ ಅನ್ನು ವಿನ್ಯಾಸದ ಆಳಕ್ಕೆ ಬಡಿದು ನಿಲ್ಲಿಸಬೇಕು, ಸೆಟ್ ಸಿಗುವವರೆಗೆ, ಅಂದರೆ ಏಟಿಗೆ ಇಳಿಯುವ ಅಳತೆ ನಿಗದಿತ ಮಿತಿಗೆ ಬರುವವರೆಗೆ, ಅಲ್ಲ.

ಪೀಜೋಮೀಟರ್ ಓದು ವಿನ್ಯಾಸಕಾರರು ಕೊಟ್ಟ ಮಿತಿ ಮುಟ್ಟಿದರೆ ರಿಗ್ಗನ್ನು ಸೈಟಿನ ಇನ್ನೊಂದು ಮೂಲೆಗೆ ಸರಿಸಿ. ದಿನಕ್ಕೆ ಇಷ್ಟು ಪೈಲ್ ಎಂಬ ಗುರಿಗಿಂತ ಈ ಓದು ದೊಡ್ಡದು.

ನೆಲ ಉಬ್ಬಿದರೆ

ಸರಿದ ಮಣ್ಣಿನ ಸುಮಾರು ಅರ್ಧ ಗುಂಪಿನೊಳಗೇ ಮೇಲಕ್ಕೇಳುತ್ತದೆ, ಉಳಿದದ್ದು ಸುತ್ತ ಹರಡುತ್ತದೆ ಎಂಬುದು ಬಳಕೆಯ ಅಂದಾಜು. ಮೇಲಿನ ಉದಾಹರಣೆಯಲ್ಲಿ 1.2 ಮೀ. ಅಂತರಕ್ಕೆ ಪೈಲ್ ಪಾಲು 0.09 ÷ 1.44, ಅಂದರೆ ಶೇ. 6.25. 15 ಮೀಟರ್ ಉದ್ದಕ್ಕೆ ಅದರ ಅರ್ಧ ಎಂದರೆ 0.47 ಮೀಟರ್ ಉಬ್ಬು. ಕಾಗದದ ಮೇಲಿನ ಈ ಸಂಖ್ಯೆ ದೊಡ್ಡ ಗುಂಪುಗಳಲ್ಲಿ ಉತ್ಪ್ರೇಕ್ಷೆಯಲ್ಲ.

ಉಬ್ಬುವ ನೆಲ ಆಗಲೇ ಬಡಿದ ಪೈಲ್‌ಗಳನ್ನೂ ಮೇಲೆತ್ತುತ್ತದೆ. ಪ್ರತಿ ಪೈಲ್ ಇಳಿಸಿದ ಕೂಡಲೇ ತಲೆಯ ಲೆವೆಲ್ ತೆಗೆಯಿರಿ, ಪಕ್ಕದವು ಮುಗಿದ ಮೇಲೆ ಮತ್ತೆ ತೆಗೆಯಿರಿ. ಲೆವೆಲ್‌ನ ಆಧಾರ ಗುರುತು ಪೈಲ್ ಗುಂಪಿನಿಂದ ದೂರವಿರಲಿ, ಇಲ್ಲವಾದರೆ ಅದೂ ಏರುತ್ತದೆ, ಲೆಕ್ಕದಲ್ಲಿ ಏನೂ ಕಾಣುವುದಿಲ್ಲ. ಪೂರ್ತಿ ಘರ್ಷಣೆಯ ಪೈಲ್ ಒಂದಿಷ್ಟು ಎದ್ದರೆ ನಷ್ಟ ಹೆಚ್ಚಿಲ್ಲ. ತುದಿ ಬಂಡೆ ಅಥವಾ ಗಟ್ಟಿ ಪದರದ ಮೇಲೆ ಕೂರಬೇಕಾದ ಪೈಲ್ ಕೆಲವೇ ಮಿ.ಮೀ. ಎದ್ದರೂ ತುದಿಯಡಿ ಸಂದು ಉಳಿಯುತ್ತದೆ. ಅದನ್ನು ಮತ್ತೆ ಬಡಿದು ಕೂರಿಸಲೇಬೇಕು. ಜಾಯಿಂಟ್ ಇರುವ ಪೈಲ್‌ನಲ್ಲಿ ಮೇಲಿನ ತುಂಡು ಮಾತ್ರ ಎದ್ದು ಜಾಯಿಂಟ್ ಬಿಟ್ಟಿರಬಹುದು. ಆದ್ದರಿಂದ ಎಳೆತ ತಾಳುವ ಜಾಯಿಂಟ್‌ಗೆ ಮೊದಲೇ ಒತ್ತಾಯಿಸಿ.

ಎದ್ದ ನೆಲ ಮುಂದಿನ ತಿಂಗಳುಗಳಲ್ಲಿ ಮತ್ತೆ ಕೂರುತ್ತದೆ. ಕೂರುವಾಗ ಪೈಲ್ ಮೈಯನ್ನು ಕೆಳಗೆ ಎಳೆಯುತ್ತದೆ. ಮೇಲೆ ಹೊಸ ಮಣ್ಣು ತುಂಬಿದ್ದರೆ ಈ ಎಳೆತ ಇನ್ನೂ ಜಾಸ್ತಿ, ವಿನ್ಯಾಸದಲ್ಲಿ ಅದನ್ನು ಹೊರೆಯಾಗಿಯೇ ಸೇರಿಸಬೇಕು. ಪೈಲ್ ಕ್ಯಾಪ್‌ನ (ಪೈಲ್ ತಲೆಗಳನ್ನು ಒಟ್ಟುಗೂಡಿಸುವ ಕಾಂಕ್ರೀಟ್ ಹಾಸು) ಅಡಿ ನೆಲದ ಮೇಲೆ ಕೂತಿದೆ ಎಂದು ಬಲ ಲೆಕ್ಕ ಹಾಕಿದ್ದರೆ ಅದನ್ನು ಬಿಡಿ, ಅಲ್ಲಿ ಪೊಳ್ಳು ಬೀಳುತ್ತದೆ.

ಆರನೆಯ ಹಂತ: ಕಾಯಿರಿ, ಅಳೆಯಿರಿ

ಎಷ್ಟು ಕಾಯಬೇಕು ಎಂಬುದನ್ನು ಪೀಜೋಮೀಟರ್ ಹೇಳಲಿ. ಆರಂಭಿಕ ಓದು 60, ಏರಿದ ಗರಿಷ್ಠ 140, ಇಂದಿನದು 84 ಕಿಲೋಪ್ಯಾಸ್ಕಲ್ ಎಂದಾದರೆ, ಏರಿದ 80ರಲ್ಲಿ 56 ಇಳಿದಿದೆ, ಅಂದರೆ ಶೇ. 70. ಲೋಡ್ ಟೆಸ್ಟ್‌ಗೆ ಮುನ್ನ ಶೇ. 80-90 ಇಳಿದಿರುವುದು ಒಳ್ಳೆಯದು. ಪೀಜೋಮೀಟರ್ ಇಲ್ಲದ ಸಣ್ಣ ಕೆಲಸಗಳಲ್ಲಿ ಎರಡರಿಂದ ನಾಲ್ಕು ವಾರ ಬಿಡುವುದು ರೂಢಿ.

ಬಲದ ಏರಿಕೆಯನ್ನು ಅಂದಾಜು ಮಾಡಲು ಸ್ಕೋವ್ ಮತ್ತು ಡೆನ್ವರ್ 1988ರಲ್ಲಿ ಕೊಟ್ಟ ಸೂತ್ರ ಬಳಕೆಯಲ್ಲಿದೆ. ಒಂದು ದಿನದ ಬಲವನ್ನು ಆಧಾರವಾಗಿಟ್ಟು, ದಿನಗಳ ಸಂಖ್ಯೆ ಪ್ರತಿ ಹತ್ತು ಪಟ್ಟಾದಾಗಲೂ ಅದರ 0.6 ಪಾಲು ಸೇರಿಸುವುದು. 10ನೇ ದಿನ 1.6 ಪಟ್ಟು, 100ನೇ ದಿನ 2.2 ಪಟ್ಟು. ಈ 0.6 ಎಲ್ಲ ಜೇಡಿಗೂ ಒಂದೇ ಅಲ್ಲ. ನಿಮ್ಮ ಸೈಟಿನ ಪೈಲ್ ಅನ್ನು ಒಂದು ದಿನದ ನಂತರ, ವಾರದ ನಂತರ, ನಾಲ್ಕು ವಾರದ ನಂತರ ರೀಸ್ಟ್ರೈಕ್ ಮಾಡಿ, ಅಂದರೆ ಮತ್ತೆ ಕೆಲವು ಏಟು ಬಡಿದು ಅಳೆದು, ನಿಮ್ಮದೇ ಸಂಖ್ಯೆ ಕಂಡುಕೊಳ್ಳಿ. ಪ್ರತಿ ರೀಸ್ಟ್ರೈಕ್‌ಗೂ ಮಣ್ಣು ಮತ್ತೆ ಕದಡುವುದರಿಂದ, ಸಾಧ್ಯವಿದ್ದರೆ ಬೇರೆ ಬೇರೆ ಪೈಲ್ ಬಳಸಿ.

ರೀಸ್ಟ್ರೈಕ್‌ನಲ್ಲಿ ಕೆಡುವುದು ಬಹುತೇಕ ಮೊದಲ ನಿಮಿಷದಲ್ಲೇ. ಹ್ಯಾಮರ್ ಅನ್ನು ಬೇರೊಂದು ಪೈಲ್ ಮೇಲೆ ಬಿಸಿ ಮಾಡಿಕೊಂಡು ಬನ್ನಿ. ಪೈಲ್ ತಲೆಯಿಂದ ವ್ಯಾಸದ ಒಂದೂವರೆ ಎರಡು ಪಟ್ಟು ಕೆಳಗೆ, ಎದುರುಬದುರು ಮುಖಗಳಲ್ಲಿ ಸ್ಟ್ರೈನ್ ಗೇಜ್ ಮತ್ತು ಆಕ್ಸಿಲರೋಮೀಟರ್ ಬಿಗಿಯಿರಿ. ಮೊದಲ ಕೆಲವು ಏಟುಗಳಲ್ಲೇ ಪೂರ್ತಿ ಶಕ್ತಿ ಬೀಳಬೇಕು, ಓದನ್ನೂ ಅವುಗಳಿಂದಲೇ ತೆಗೆಯಬೇಕು. ಇಪ್ಪತ್ತನೇ ಏಟಿನ ಹೊತ್ತಿಗೆ ಮರಳಿದ ಬಲ ಮತ್ತೆ ಒಡೆದಿರುತ್ತದೆ. ಏಟಿಗೆ ಎರಡು ಮಿ.ಮೀ. ಕೂಡ ಇಳಿಯದಿದ್ದರೆ ಹ್ಯಾಮರ್ ಸಾಲದು ಎಂದರ್ಥ, ಸಿಕ್ಕ ಸಂಖ್ಯೆ ಕನಿಷ್ಠ ಬಲ ಮಾತ್ರ.

ಗಟ್ಟಿ ಜೇಡಿಯಲ್ಲಿ

ಷಿಯರ್ ಬಲ 70 ಕಿಲೋಪ್ಯಾಸ್ಕಲ್ ದಾಟಿದ ಜೇಡಿಯಲ್ಲಿ ಇಷ್ಟು ಬಲದ ಮರುಗಳಿಕೆಯನ್ನು ನಿರೀಕ್ಷಿಸಬೇಡಿ. ಆಲ್ಫಾ 0.5ರ ಹತ್ತಿರಕ್ಕೆ ಇಳಿಯುತ್ತದೆ. ಪೈಲ್ ಬಡಿಯುವಾಗ ಅಲ್ಲಾಡಿ ಮೇಲ್ಭಾಗದಲ್ಲಿ ಮಣ್ಣಿಗೂ ಪೈಲ್‌ಗೂ ನಡುವೆ ಸಂದು ಬೀಳುತ್ತದೆ, ಅದರೊಳಗೆ ನೀರು ಇಳಿದು ಮಣ್ಣು ಮೆತ್ತಗಾಗುತ್ತದೆ. ಗಟ್ಟಿ ಜೇಡಿಯ ಮೇಲೆ ಮೆತ್ತನೆಯ ಪದರವಿದ್ದರೆ ಪೈಲ್ ಅದನ್ನೂ ಎಳೆದುಕೊಂಡು ಹೋಗಿ ಗಟ್ಟಿ ಜೇಡಿಗೆ ತಾಗುವ ಮೈಗೆ ಸವರುತ್ತದೆ, ಅಂಟುಬಲ ಇನ್ನೂ ಇಳಿಯುತ್ತದೆ. ಕೆಲವು ಗಟ್ಟಿ ನೆಲಗಳಲ್ಲಿ ರೀಸ್ಟ್ರೈಕ್ ಮಾಡಿದಾಗ ಬಲ ಕಡಿಮೆಯಾಗಿರುವುದೂ ಉಂಟು.

ಕೊನೆಯ ಹಂತ: ಕ್ಯಾಪ್‌ಗಾಗಿ ಅಗೆಯುವಾಗ

ಮೆತ್ತನೆಯ ಜೇಡಿಯಲ್ಲಿ ಪೈಲ್‌ಗಳು ಮುರಿಯುವುದು ಬಡಿಯುವಾಗಕ್ಕಿಂತ ಅಗೆಯುವಾಗ ಹೆಚ್ಚು ಎಂದರೆ ತಪ್ಪಾಗದು. ಪೈಲಿಂಗ್ ಮುಗಿದ ಮರುದಿನವೇ ಎಕ್ಸ್‌ಕವೇಟರ್ ಇಳಿಯುತ್ತದೆ. ನೆಲದೊಳಗೆ ನೀರಿನ ಒತ್ತಡ ಇನ್ನೂ ಏರಿದ್ದೇ ಇದೆ, ಜೇಡಿ ಬಲಗುಂದಿದೆ. ಒಂದು ಬದಿ ಆಳವಾಗಿ ತೋಡಿದರೆ ಇನ್ನೊಂದು ಬದಿಯ ಮಣ್ಣು ಜಾರಿ ಪೈಲ್‌ಗಳನ್ನು ಸಾಲಾಗಿ ಬಾಗಿಸುತ್ತದೆ. ಬಿರುಕು ಹಲವು ಮೀಟರ್ ಕೆಳಗಿರುತ್ತದೆ, ಮೇಲಿನಿಂದ ಕಾಣುವುದಿಲ್ಲ.

ಒತ್ತಡ ಬಹುಪಾಲು ಇಳಿಯುವವರೆಗೆ ಅಗೆಯಬೇಡಿ. ಅಗೆಯುವಾಗ ಇಡೀ ಜಾಗವನ್ನು ತೆಳು ಪದರಗಳಲ್ಲಿ ಸಮನಾಗಿ ಇಳಿಸಿ, ಎರಡು ಬದಿಗಳ ಮಟ್ಟದ ವ್ಯತ್ಯಾಸ ಒಂದು ಮೀಟರ್ ದಾಟದಿರಲಿ. ತೆಗೆದ ಮಣ್ಣನ್ನು ಅಂಚಿನಲ್ಲಿ ರಾಶಿ ಹಾಕಬೇಡಿ, ಕ್ರೇನ್ ಮತ್ತು ಲಾರಿಗಳನ್ನು ಅಂಚಿನಿಂದ ದೂರವಿಡಿ. ಪ್ರತಿ ಪದರ ತೆಗೆದ ಮೇಲೆ ಪೈಲ್ ತಲೆಗಳ ಸ್ಥಾನ ಅಳೆಯಿರಿ. ಒಂದು ಸಾಲು ಒಂದೇ ದಿಕ್ಕಿಗೆ ಸರಿದಿದ್ದು ಕಂಡರೆ ಅಗೆತ ನಿಲ್ಲಿಸಿ, ತೋಡಿದ ಬದಿಗೆ ಮಣ್ಣು ಮರಳಿ ತುಂಬಿ. ಬಾಗಿದ ಪೈಲ್ ಅನ್ನು ಯಂತ್ರದಿಂದ ಎಳೆದು ನೇರ ಮಾಡಲು ಯಾರಿಗೂ ಬಿಡಬೇಡಿ, ಬಿರುಕಿಲ್ಲದ ಪೈಲ್‌ಗೂ ಆಗ ಬಿರುಕು ಬೀಳುತ್ತದೆ. ಸರಿದ ಸಾಲಿನ ಪ್ರತಿ ಪೈಲ್‌ಗೂ ಇಂಟಿಗ್ರಿಟಿ ಟೆಸ್ಟ್ (ತಲೆಗೆ ಹಗುರಾಗಿ ತಟ್ಟಿ, ಮರಳುವ ಅಲೆಯಿಂದ ಬಿರುಕು ಹುಡುಕುವ ಪರೀಕ್ಷೆ) ಮಾಡಿಸಿ. ಆದರೆ ಜಾಯಿಂಟ್ ಇರುವ ಪೈಲ್‌ನಲ್ಲಿ ಆ ಟೆಸ್ಟ್‌ನ ಅಲೆ ಜಾಯಿಂಟ್‌ನಿಂದಲೇ ಮರಳಿ ಬರಬಹುದು, ಅದರ ಕೆಳಗಿನ ಬಿರುಕು ತಿಳಿಯದೆ ಹೋಗಬಹುದು. ಅಂಥಲ್ಲಿ ಭಾರಿ ಏಟಿನಿಂದ ಮಾಡುವ ಹೈ ಸ್ಟ್ರೈನ್ ಟೆಸ್ಟ್ ಅಥವಾ ಬದಲಿ ಪೈಲ್ ಬೇಕು.